ಈಶಾನ್ಯ ಮೂಲೆಯ ಮೀನು

ಜನ್ನಾಪುರ, ಭದ್ರಾವತಿ
ಶನಿವಾರ, 22 ನವೆಂಬರ್ 2025

ಪ್ರೀತಿಯ ಜಲಜಕ್ಕನಿಗೆ ನಿನ್ನ ಶರು ಮಾಡುವ ನಮಸ್ಕಾರ.

ಮದುವೆಯಾದ ಹೊಸದರಲ್ಲಿ ಬಿಟ್ಟರೆ ನಾನು ನಿನಗೆ ಕಾಗದ ಬರೆದೇ ಇಲ್ಲ. ಲಕೋಟೆ ನೋಡಿದ ಕೂಡಲೇ ನಿನಗೆ ಗಾಬರಿಯಾಗುತ್ತದೆ ಎಂದು ಗೊತ್ತು. ಆಗಲಿ, ಗಾಬರಿಯಾಗಬೇಕಾದ ವಿಷಯವೇ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಅಡುಗೆಮನೆಗೂ ಅತ್ತೆಯ ಕೋಣೆಗೂ ನಡುವೆ ಇರುವುದು ಒಂದು ಪರದೆ. ವಾಟ್ಸಾಪಿನಲ್ಲಿ ಬರೆದರೆ ಸಿರಿ ಗೇಮ್ ಆಡುತ್ತಾ ಆಡುತ್ತಾ ಓದಿಬಿಡುತ್ತಾಳೆ. ಹತ್ತು ವರ್ಷದ ಮಗಳು ಓದಬಾರದ್ದು ಇದರಲ್ಲಿದೆ. ಎದುರು ಮನೆಯ ಪ್ರಕಾಶ್ ನಾಳೆ ಶಿವಮೊಗ್ಗಕ್ಕೆ, ನಿಮ್ಮ ವಿನೋಬನಗರದಲ್ಲೇ ಇರುವ ತಮ್ಮ ತಂಗಿಯ ಮನೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಓದಿ ಭಾವನಿಗೂ ತೋರಿಸಬೇಡ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ದೀಪಾವಳಿಯಲ್ಲಿ ನೀನು ಫೋನ್ ಮಾಡಿ, ದೇವರಾಜರ ಬಾಯಿ ಹುಣ್ಣಿನ ಟೆಸ್ಟ್ ಏನಾಯಿತು ಎಂದು ಕೇಳಿದೆ. ಆಯಿತು, ಏನೂ ಇಲ್ಲವಂತೆ ಎಂದೆ. ಟೆಸ್ಟೇ ಮಾಡಿಸಿರಲಿಲ್ಲ ಅಕ್ಕ. ಇನ್ನೂ ಮಾಡಿಸಿಲ್ಲ. ಇವರು ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿದ್ದರು, ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ಇವರು ಸರ್ವೆಗೆ ಹೋದಲ್ಲೆಲ್ಲ ತೋಟದವರು ಕೈಗೆ ಅಡಿಕೆ ಹೋಳು ಕೊಡುತ್ತಾರೆ. ಬೇಡ ಎಂದರೆ ಅವರಿಗೆ ಬೇಜಾರು, ತೆಗೆದುಕೊಂಡರೆ ಇವರಿಗೆ ಚಟ. ಇಪ್ಪತ್ತು ವರ್ಷದಿಂದ ಎಡಗಡೆ ಕೆನ್ನೆಯೊಳಗೆ ಒಂದು ಹೋಳು ಇದ್ದೇ ಇರುತ್ತದೆ. ಅದೇ ಜಾಗದಲ್ಲಿ ಆಗಸ್ಟಿನಿಂದ ಬೆಳ್ಳಗೆ ಒಂದು ಪಟ್ಟೆ, ಅದರ ನಡುವೆ ಮಾಯದ ಹುಣ್ಣು. ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ, ಎರಡು ಬೆರಳು ಹೋದರೆ ಹೆಚ್ಚು. ಇಲ್ಲಿಯ ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಶಿವಮೊಗ್ಗಕ್ಕೆ ಹೋಗಿ ಚೂರು ಮಾಂಸ ತೆಗೆಸಿ ಪರೀಕ್ಷೆಗೆ ಕಳಿಸಿ, ತಡ ಮಾಡಬೇಡಿ ಎಂದು ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ನಲವತ್ತು ದಿನದಿಂದ ಇವರ ಸರ್ವೆ ಫೈಲಿನೊಳಗೆ ಮಲಗಿದೆ. ಕೇಳಿದರೆ ಕೆಲಸ ಇದೆ, ಸಾಹೇಬರು ರಜೆ ಕೊಡುವುದಿಲ್ಲ. ಹೆದರಿಕೆ ಎಂದು ಒಪ್ಪಿಕೊಳ್ಳುವ ಜಾತಿಯಲ್ಲ ನನ್ನ ಗಂಡ.

ಇನ್ನು ಮೀನಿನ ವಿಷಯ. ನಗಬೇಡ, ಎಲ್ಲ ಇರುವುದು ಅಲ್ಲೇ.

ಗೃಹಪ್ರವೇಶದಲ್ಲಿ ನೀನು ನಡುಮನೆಯ ಈಶಾನ್ಯ ಮೂಲೆಯ ಗಾಜಿನ ಟ್ಯಾಂಕ್ ನೋಡಿದ್ದೀಯ. ವಾಸ್ತುವಿನವರು ಹೇಳಿದ್ದು ಅಂತ ಅತ್ತೆ ಇಡಿಸಿದ್ದು. ಒಂದೊಂದಾಗಿ ಸತ್ತು ಕೊನೆಗೆ ಉಳಿದದ್ದು ಒಂದೇ ಒಂದು ಗೋಲ್ಡ್ ಫಿಶ್. ಸಿರಿ ಅದಕ್ಕೆ ಜಾಮೂನು ಎಂದು ಹೆಸರಿಟ್ಟಿದ್ದಾಳೆ. ಮನೆಯವರಿಗೆ ಬರುವ ಕೆಟ್ಟದ್ದನ್ನು ಟ್ಯಾಂಕಿನ ಮೀನು ತನ್ನ ಮೇಲೆ ತೆಗೆದುಕೊಂಡು ಸಾಯುತ್ತದೆ ಎಂದು ಆ ವಾಸ್ತುವಿನವರು ಹೇಳಿ ಹೋಗಿದ್ದರು. ಅತ್ತೆಯ ಮೊಣಕಾಲು ನೋವು ಕಡಿಮೆಯಾದಾಗ ಒಂದು ಸತ್ತಿತ್ತು, ಇವರ ವರ್ಗಾವಣೆ ರದ್ದಾದಾಗ ಇನ್ನೊಂದು. ಹಾಗಾಗಿ ನಮ್ಮ ಮನೆಯಲ್ಲಿ ಮೀನು ಸತ್ತರೆ ಯಾರೂ ಅಳುವುದಿಲ್ಲ, ಸಿರಿ ಒಬ್ಬಳನ್ನು ಬಿಟ್ಟು.

ಈ ತಿಂಗಳ ಹತ್ತಕ್ಕೆ, ಸೋಮವಾರ, ಸಿರಿ ಶಾಲೆಗೆ ಹೊರಡುವಾಗ ಕೂಗಿದಳು. ಹೋಗಿ ನೋಡಿದರೆ ಜಾಮೂನು ಟ್ಯಾಂಕಿನ ತಳದಲ್ಲಿ ಕೂತಿದೆ, ರೆಕ್ಕೆ ಮುದುರಿಕೊಂಡಿದೆ. ಅದರ ಬಾಯಿಯ ಸುತ್ತ ಹತ್ತಿ ಅಂಟಿದ ಹಾಗೆ ಬೆಳ್ಳಗೆ.

ಬಾಯಿಯ ಸುತ್ತ, ಅಕ್ಕ. ನಮ್ಮತ್ತೆ ಮಹಾಂತಮ್ಮನವರು ಅದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸಂಜೆ ಇವರು ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. "ನೋಡಪ್ಪ ದೇವು, ನಿನ್ನ ಬಾಯಿದು ಅದರ ಬಾಯಿಗೆ ಹೋಗೈತೆ. ಇನ್ನು ನಿಂಗೇನೂ ಇಲ್ಲ, ಅದನ್ನ ಯಾರೂ ಮುಟ್ಟಬೇಡಿ" ಎಂದರು.

ಚೈನು ಹಿಡಿದು ಅಳೆಯದೆ ಒಂದು ಗುಂಟೆಯನ್ನೂ ನಂಬದ ಮನುಷ್ಯ ಅವತ್ತು ಗಾಜಿಗೆ ಮುಖ ತಾಗಿಸಿ ಆ ಬಿಳಿಯನ್ನೇ ನೋಡಿದರು. ಊಟಕ್ಕೆ ಕೂತಾಗ ಎರಡು ತಿಂಗಳ ಮೇಲೆ ಮೊದಲ ಸಲ ಇನ್ನೊಂದು ಸೌಟು ಸಾರು ಕೇಳಿದರು. ಸಿರಿಯ ಹತ್ತಿರ ತಮಾಷೆ ಮಾಡಿದರು. ಆಸ್ಪತ್ರೆಯ ಮಾತು ತೆಗೆದರೆ, ಇನ್ನು ನಾಲ್ಕು ದಿನ ನೋಡೋಣ ಮಾರಾಯ್ತಿ ಎಂದು ನಕ್ಕರು. ಆ ನಗು ನೋಡಿ ನನಗೂ ಒಂದು ಆಸೆ ಬಂತು, ಸುಳ್ಳೇಕೆ ಹೇಳಲಿ. ಬಿ.ಎಸ್ಸಿ. ಓದಿದ ನಾನು ನಾಲ್ಕು ದಿನ ಆ ಮೀನಿಗೆ ಒಂದು ಹನಿ ಔಷಧಿ ಹಾಕಲಿಲ್ಲ. ಸಿರಿ ಏನಾದರೂ ಮಾಡಮ್ಮ ಎಂದು ದಿನವೂ ಅತ್ತಳು. ನಾಳೆ ಮಾಡೋಣ ಪುಟ್ಟ ಎನ್ನುತ್ತಾ ಕಳೆದೆ. ಟ್ಯಾಂಕ್ ಒರೆಸುವ ನೆಪದಲ್ಲಿ ಹತ್ತಿರ ಹೋಗಿ, ಬಿಳಿ ಎಷ್ಟು ಹರಡಿದೆ ಎಂದು ನೋಡುತ್ತಿದ್ದೆ. ಹರಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಈ ಮಾತನ್ನು ನಿನಗಲ್ಲದೆ ಇನ್ಯಾರಿಗೂ ಹೇಳಲಾರೆ.

ಶುಕ್ರವಾರ ಬೆಳಿಗ್ಗೆ ಇವರು ಬಚ್ಚಲಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಕನ್ನಡಿಯ ಮುಂದೆ ನಿಂತು, ಬೆರಳಿನಿಂದ ಕೆನ್ನೆ ಎಳೆದು, ಮೊಬೈಲಿನ ಬೆಳಕು ಬಿಟ್ಟು ನೋಡಿಕೊಳ್ಳುತ್ತಿದ್ದರು. ಆಮೇಲೆ ಉಗುಳಿದರು. ಬೇಸಿನ್ನಿನಲ್ಲಿ ಕೆಂಪಗಿತ್ತು. ಅಡಿಕೆಯ ಕೆಂಪಲ್ಲ, ಅವತ್ತು ಇನ್ನೂ ಬಾಯಿಗೆ ಏನೂ ಹಾಕಿರಲಿಲ್ಲ. ನಾನು ಸದ್ದಿಲ್ಲದೆ ಹಿಂದೆ ಸರಿದೆ. ಮೀನು ಸಾಯುವ ತನಕ ಇವರು ಕಾಯುತ್ತಾರೆ, ಸತ್ತ ಮೇಲೆ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಆಗ ತಿಳಿಯಿತು. ಹಾಗಾದರೆ ಆ ಮೀನು ಬದುಕಬೇಕು. ಅದು ಹುಷಾರಾಗಿ ಓಡಾಡಿದರೆ ಇವರಿಗೆ ದಿಗಿಲಾಗುತ್ತದೆ, ದಿಗಿಲಾದರೆ ಆಸ್ಪತ್ರೆಗೆ ಹೋಗುತ್ತಾರೆ. ನನಗೆ ಹೊಳೆದ ಬುದ್ಧಿವಂತಿಕೆ ಇಷ್ಟೇ.

ಮರುದಿನ ಶನಿವಾರ ಗಾಂಧಿ ಬಜಾರಿಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಶಿವಮೊಗ್ಗದವರೆಗೆ ಬಂದೂ ನಿನ್ನ ಮನೆಗೆ ಬರಲಿಲ್ಲ, ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಮೀನಿನ ಅಂಗಡಿಯ ತೌಹೀದ್ ಒಳ್ಳೆಯ ಹುಡುಗ, ಫೋಟೋ ನೋಡಿದ ಕೂಡಲೇ ಬಾಯಿಯ ಸೋಂಕು ಎಂದ. ಬೇರೆ ಟಬ್ಬಿಗೆ ಹಾಕಿ, ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ, ಪುಡಿ ಉಪ್ಪು ಬೇಡ, ಕಲ್ಲುಪ್ಪು ಹಾಕಿ, ದಿನಾ ಅರ್ಧ ನೀರು ಬದಲಿಸಿ, ಊಟ ಕೊಡಬೇಡಿ, ಗಾಳಿಯ ಪಂಪು ನಿಲ್ಲಿಸಬೇಡಿ ಎಂದು ಒಂದೊಂದಾಗಿ ಹೇಳಿ ನೀಲಿ ಔಷಧಿಯ ಸೀಸೆ ಕೊಟ್ಟ. ಎಷ್ಟು ದಿನವಾಯಿತು ಎಂದು ಕೇಳಿದಾಗ ಐದು ದಿನ ಎಂದೆ. "ಶುರುವಿಗೇ ಬರಬೇಕಿತ್ತಲ್ಲ ಅಕ್ಕಾ" ಎಂದ. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತು ಬಿಡಲಿಲ್ಲ.

ಸಿರಿಯ ಸ್ನಾನದ ಹಳೆಯ ಟಬ್ಬಿಗೆ ಅದನ್ನು ಹಾಕಿ ಹಿಂದಿನ ವರಾಂಡದಲ್ಲಿಟ್ಟೆ. ಇವರು ಬಾಯಿ ಮುಕ್ಕಳಿಸುವ ಕಲ್ಲುಪ್ಪಿನ ಡಬ್ಬಿಯಿಂದಲೇ ಅದಕ್ಕೂ ಉಪ್ಪು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಭಾನುವಾರ ಎರಡು ಸಲ ಗಾಳಿಯ ಪಂಪು ನಿಂತಿತ್ತು. ಮೊದಲ ಸಲ ಕರೆಂಟ್ ಹೋಗಿರಬೇಕು ಎಂದುಕೊಂಡೆ. ಎರಡನೆಯ ಸಲ ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಜಪಮಣಿ ಹಿಡಿದು ಕೂತಿದ್ದರು, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಮಗ ಮುಖ್ಯವೋ, ಮೀನು ಮುಖ್ಯವೋ ಹೇಳವ್ವ" ಎಂದು ಅತ್ತೆಯೇ ನನ್ನನ್ನು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಜಗಳವಾಡದೆ ಸ್ವಿಚ್ಚು ಹಾಕಿ ಒಳಗೆ ಬಂದೆ ಅಕ್ಕ, ಅವರು ಕೇಳಿದ್ದನ್ನೇ ನಾನೂ ನಾಲ್ಕು ದಿನ ನನ್ನನ್ನು ಕೇಳಿಕೊಂಡಿದ್ದೆನಲ್ಲ.

ಸೋಮವಾರ ಹದಿನೇಳರಂದು ಬೆಳಿಗ್ಗೆ ಹತ್ತೂವರೆಗೆ ಜಾಮೂನು ಸತ್ತಿತು. ನೀಲಿ ನೀರಿನಲ್ಲಿ ಮಗ್ಗುಲಾಗಿ ತೇಲುತ್ತಿತ್ತು. ಇವರು ಆಫೀಸಿಗೆ, ಸಿರಿ ಶಾಲೆಗೆ, ಅತ್ತೆ ಮಠಕ್ಕೆ ಹೋಗಿದ್ದರು. ಅಳಲೂ ಸಮಯವಿರಲಿಲ್ಲ. ಅದನ್ನು ದಾಸವಾಳದ ಕುಂಡದ ಮಣ್ಣಿನಲ್ಲಿ ಹೂತೆ, ಟಬ್ಬನ್ನೂ ಟ್ಯಾಂಕನ್ನೂ ಬಿಸಿನೀರಿನಲ್ಲಿ ತೊಳೆದೆ, ಬಸ್ಸು ಹಿಡಿದು ಮತ್ತೆ ತೌಹೀದನ ಅಂಗಡಿಗೆ ಹೋದೆ. ಅಷ್ಟೇ ಉದ್ದ, ಅಷ್ಟೇ ಬಣ್ಣ, ಬೆನ್ನಿನ ಮೇಲೆ ಅಂಥದೇ ಬಿಳಿ ಮಚ್ಚೆ ಇರುವ ಒಂದನ್ನು ಹುಡುಕಿ ತೆಗೆಸಿದೆ. ಮೂರು ಗಂಟೆಗೆ ಹೊಸ ಮೀನು ಈಶಾನ್ಯ ಮೂಲೆಯಲ್ಲಿ ಈಜುತ್ತಿತ್ತು.

ಸಿರಿ ಕುಣಿದಾಡಿದಳು. ಅತ್ತೆಯ ಮುಖ ಬಿಳಿಚಿಕೊಂಡಿತು, ಅವತ್ತು ರಾತ್ರಿ ಊಟ ಬೇಡವೆಂದರು. ಇವರು ಶೂ ಬಿಚ್ಚದೆ ಟ್ಯಾಂಕಿನ ಮುಂದೆ ಬಹಳ ಹೊತ್ತು ನಿಂತರು. ಗುಣವಾಯಿತಾ ಎಂದಷ್ಟೇ ಕೇಳಿದರು. ಪೂರ್ತಿ ಗುಣವಾಯಿತು ಎಂದೆ. ಗಂಡನನ್ನು ಬೇಕೆಂದೇ ಹೆದರಿಸಿದ ಹೆಂಗಸು ನಾನೊಬ್ಬಳೇ ಇರಬೇಕು.

ಆದರೆ ಅವತ್ತೇ ಹೊರಡಲಿಲ್ಲ. ಮಂಗಳವಾರ, ಬುಧವಾರ, ಗುರುವಾರ ಎಂದಿನಂತೆ ಆಫೀಸಿಗೆ ಹೋದರು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಗೆಲುವಾಗಿಯೇ ಇದ್ದರು, ನನಗೆ ಅದೇ ಅರ್ಥವಾಗಲಿಲ್ಲ. ನನ್ನ ಉಪಾಯ ಕೆಟ್ಟಿತು ಎಂದುಕೊಂಡೆ. ನಿನ್ನೆ ಶುಕ್ರವಾರ ಸಂಜೆ ಬಂದವರೇ ಫೈಲಿನಿಂದ ಆ ಚೀಟಿ ತೆಗೆದು ಟೇಬಲ್ಲಿನ ಮೇಲಿಟ್ಟು, ಸೋಮವಾರ ಹೋಗೋಣ, ರಜೆ ಬರೆದುಕೊಟ್ಟಿದ್ದೇನೆ ಎಂದರು. ದಿಗಿಲು ಕೊನೆಗೂ ಕೆಲಸ ಮಾಡಿತು.

ನೀನು ಕ್ಲಿನಿಕ್ಕಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವಳು, ಆಸ್ಪತ್ರೆ ಎಂದರೆ ನಿನಗೆ ಕೈಕಾಲು ನಡುಗುವುದಿಲ್ಲ. ಸೋಮವಾರ ಒಂಬತ್ತಕ್ಕೆ ದೊಡ್ಡಾಸ್ಪತ್ರೆಯ ಗೇಟಿನಲ್ಲಿ ನಿಂತಿರು. ಇವರು ಗೇಟಿನವರೆಗೆ ಬಂದು ವಾಪಸ್ ಹೊರಟರೂ ಆಶ್ಚರ್ಯವಿಲ್ಲ. ನನ್ನ ಮಾತು ಕೇಳುವುದಿಲ್ಲ, ನಿನ್ನನ್ನು ಕಂಡರೆ ಮರ್ಯಾದೆಗಾದರೂ ಒಳಗೆ ಬರುತ್ತಾರೆ.

ಇನ್ನೊಂದು ಇದೆ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ರಿಪೋರ್ಟು ಕೆಟ್ಟದಾಗಿ ಬಂದರೆ ಅತ್ತೆ, ಮೀನನ್ನು ಅದರ ಪಾಡಿಗೆ ಸಾಯಲು ಬಿಟ್ಟಿದ್ದರೆ ನನ್ನ ಮಗ ಉಳಿಯುತ್ತಿದ್ದ ಎನ್ನುತ್ತಾರೆ. ಅವರ ಲೆಕ್ಕದಂತೆಯೇ ನೋಡಿದರೆ ಕೆಟ್ಟದ್ದು ಹೋದ ಸೋಮವಾರ ಜಾಮೂನಿನ ಜೊತೆಯೇ ಮನೆ ಬಿಟ್ಟು ಹೋಗಿತ್ತು. ಅದನ್ನು ಮುಚ್ಚಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಹೊಸದನ್ನು ಒಳಗೆ ತಂದವಳು ನಾನು. ಇದೆಲ್ಲ ಮೂಢನಂಬಿಕೆ ಎಂದು ನೀನು ಬೈಯುತ್ತೀ, ನಾನೂ ದಿನಕ್ಕೆ ಹತ್ತು ಸಲ ಬೈದುಕೊಳ್ಳುತ್ತೇನೆ. ಆದರೂ ಟ್ಯಾಂಕಿನ ಮುಂದೆ ಹಾದುಹೋಗುವಾಗ ಆ ಕಡೆ ನೋಡಲು ನನಗೆ ಭಯ.

ಸೋಮವಾರ ಮರೆಯಬೇಡ. ಭಾವನಿಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು.

ನಿನ್ನ ಹೊಟ್ಟೆಗೇ ಹಾಕಿಕೋ ಎಂದು ಕೇಳುವ ತಂಗಿ,
ಶರಾವತಿ

ಮರೆತ ಮಾತು (ಭಾನುವಾರ ಬೆಳಿಗ್ಗೆ): ಪ್ರಕಾಶ್ ಬರುವುದರೊಳಗೆ ಇದನ್ನು ಸೇರಿಸುತ್ತಿದ್ದೇನೆ. ಈಗ ತಾನೆ ಕಾಫಿ ಕೊಡಲು ಹೋದಾಗ ಇವರು ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿಕೊಂಡರು. ಮೀನು ಬೇರೆಯದು ಎಂದು ಅವರಿಗೆ ಸೋಮವಾರ ಸಂಜೆಯೇ ಗೊತ್ತಾಗಿತ್ತಂತೆ. ಹಳೆಯದರ ಬಾಲದಲ್ಲಿ ಒಂದು ಸೀಳಿತ್ತು, ಇದಕ್ಕಿಲ್ಲ, ಗಡಿಕಲ್ಲು ಒಂದಡಿ ಸರಿಸಿದರೂ ಕಂಡುಹಿಡಿಯುವವನಿಗೆ ಇದು ಕಾಣುವುದಿಲ್ಲವೇ ಎಂದರು. ಸಿರಿ ಅಳದಿರಲಿ ಎಂದು ನಾನು ತಂದಿರಬೇಕು ಅಂದುಕೊಂಡು ಸುಮ್ಮನಿದ್ದರಂತೆ. ಹಳೆಯದು ಸತ್ತಿತಲ್ಲ, ಇನ್ನು ಹುಣ್ಣು ಮಾಯುತ್ತದೆ ಎಂದು ನಾಲ್ಕು ದಿನ ಸಂತೋಷವಾಗಿ ಕಾದರಂತೆ.

"ಮೀನು ಸತ್ತಿದ್ದಾಯ್ತು ಶರಾವತಿ. ಇದು ಹಂಗೇ ಇದೆ. ಈಗ ಇನ್ನೊಂದು ಕಡೆನೂ ಬಂದಿದೆ" ಎಂದು ಕೆನ್ನೆ ಎಳೆದು ತೋರಿಸಿದರು. ತೋರಿಸಲು ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ.

ಅವ್ವನಿಗೆ ಹಳೆಯದು ಸತ್ತದ್ದನ್ನು ಹೇಳಬೇಡ, ಟ್ಯಾಂಕಿನದು ಸತ್ತರೆ ನನಗೆ ವಾಸಿಯಾಗುತ್ತದೆ ಎನ್ನುವುದೊಂದೇ ಅವಳಿಗೆ ಧೈರ್ಯ ಎಂದು ಕೈಮುಗಿದರು. ಅತ್ತೆ ಬೆಳಿಗ್ಗೆಯಿಂದ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೀನು ಚೆನ್ನಾಗಿಯೇ ಓಡಾಡುತ್ತಿದೆ. ಗಾಳಿಯ ಪಂಪನ್ನು ಅವರು ಆರಿಸಿದ್ದಾರೆ, ನಾನು ನೋಡಿಯೂ ಹಾಕಲಿಲ್ಲ.