ಜೂನ್ ಒಂದರ ಮಕ್ಕಳು

ಪುಣೆ, 14-8-1997

ಅಪ್ಪಾಜಿಗೆ ಅನುಸೂಯಳ ಶರಣು. ಕಂಪ್ಯೂಟರ್ ರೂಮಿನ ಏಸಿಗೆ ಮೂಗು ಸೋರ್ತೈತೆ, ಬಿಟ್ರೆ ಆರಾಮಿದೀನಿ. ನೀವು ಬಿ.ಪಿ. ಗುಳಿಗೆ ತಪ್ಪಿಸಬೇಡ್ರಿ.

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಾಗೆ ಟೈಪ್ ಮಾಡ್ಕೊಡು ಅಂತ ನನ್ನ ಕೈಗೆ ಕೊಟ್ರಲ್ಲ, ನಿಮ್ಮ ಶಾಲೆಯ ಹಳೇ ಮಕ್ಕಳ ಪಟ್ಟಿ, ಅದು ಇವತ್ತು ನನ್ನ ಕೆಲಸಕ್ಕೇ ಕುತ್ತು ತಂದಿತ್ತು! ನನ್ನ ಪ್ರೋಗ್ರಾಂ ಸರಿ ಐತೋ ಇಲ್ವೋ ನೋಡಾಕೆ ಆ ಇನ್ನೂರ ಹನ್ನೆರಡು ಹೆಸರೂ ಹುಟ್ಟಿದ ತಾರೀಕೂ ಕಂಪ್ಯೂಟರಿಗೆ ಹಾಕಿದ್ದೆ. ಸಾಹೇಬ್ರು ನೋಡಿದ್ರೆ ಸಾಲಾಗಿ ಎಲ್ರೂ ಜೂನ್ ಒಂದು. "ಪ್ರೋಗ್ರಾಂ ಕೆಟ್ಟೈತೆ, ತಾರೀಕೆಲ್ಲ ಒಂದೇ ಮಾಡೈತೆ. ಮೊದಲಿಂದ ಬರಿ" ಅಂತ ರೇಗಿದ್ರು. ಮೂರು ತಿಂಗಳ ಕೆಲಸ ಅಪ್ಪಾಜಿ, ನನಗೂ ಸಿಟ್ಟು ಬಂತು.

"ಪ್ರೋಗ್ರಾಂ ಸರಿಯಾಗೇ ಐತೆ ಸಾರ್. ನಮ್ಮ ಕಡೆ ಹುಡ್ರುನ್ನ ಶಾಲೆಗೆ ಸೇರ್ಸಾಕೆ ಬಂದೋರಿಗೆ ತಾರೀಕು ಗೊತ್ತಿರಲ್ಲ. ಶೇಂಗಾ ಕೀಳೋವಾಗ ಹುಟ್ಟಿದ್ದು ಅಂತಾರೆ. ಮೇಷ್ಟ್ರೇ ಜೂನ್ ಒಂದು ಅಂತ ಬರ್ಕೊಳ್ತಾರೆ" ಅಂದೆ.

ನಂಬಲಿಲ್ಲ. ಪಟ್ಟಿ ಪೂರ್ತಿ ಇಳಿಸಿ ನೋಡಿ, ಕೊನೇ ಕಡೆ ಒಂದು ಹೆಸರಿನ ಮೇಲೆ ಬೆರಳಿಟ್ರು. "ಹಂಗಾದ್ರೆ ಈ ಹುಡುಗಿ ಒಬ್ಬಳದ್ದು ಮಾತ್ರ ನವೆಂಬರ್ ಹತ್ತೊಂಬತ್ತು ಹೆಂಗೆ?"

ಅದು ನನ್ನ ಹೆಸರು.

"ಆವತ್ತು ಮೇಷ್ಟ್ರು ರಜ ಹಾಕಿ ಹೊಸದುರ್ಗದ ಆಸ್ಪತ್ರೆ ಬಾಗಿಲಾಗೆ ದಿನವೆಲ್ಲ ನಿಂತಿದ್ರು ಸಾರ್" ಅಂದೆ.

ಕಾರ್ಡಿನಾಗೆ ಜಾಗ ಮುಗೀತು.

ನಿಮ್ಮ ನವೆಂಬರ್ ಹತ್ತೊಂಬತ್ತು,
ಅನು