ಎರಡು ನಾಲಿಗೆಯ ಕಲ್ಲು

ನವೆಂಬರ್ ೧೪, ಶುಕ್ರವಾರ

ಹೋದ ವಾರ ನನ್ನ ಪಿಎಚ್‌ಡಿ ಗೈಡ್ ಆಡಿದ ಮಾತು ಇನ್ನೂ ಕೊರೆಯುತ್ತಿದೆ. "ಒಂದು ಹರಳು ನಲವತ್ತು ಕಿಲೋಮೀಟರ್ ಆಳ ಅನ್ನುತ್ತೆ, ಇನ್ನೊಂದು ಎಂಬತ್ತು ಅನ್ನುತ್ತೆ. ಒಂದೇ ಕಲ್ಲಿಗೆ ಎರಡು ನಾಲಿಗೆಯಾ? ಈ ಅಧ್ಯಾಯ ಬಿಟ್ಟುಬಿಡಮ್ಮ."

ಹೇಗೆ ಬಿಡಲಿ? ಲಾವಾ ಉಕ್ಕುವಾಗ ಭೂಮಿಯ ಒಡಲಿಂದ ಕಿತ್ತು ತಂದ ಹಸಿರು ತುಂಡು ಅದು. ಅಷ್ಟು ಆಳಕ್ಕೆ ಯಾರೂ ಕೊರೆದು ಇಳಿದಿಲ್ಲ. ಅಲ್ಲಿನ ಸುದ್ದಿಯನ್ನು ಇಂಥ ಕಲ್ಲೇ ಹೇಳಬೇಕು. ಒಳಗಿನ ಹರಳುಗಳನ್ನು ಅಳೆದರೆ ಕಲ್ಲು ಎಷ್ಟು ಆಳದಿಂದ ಬಂತೆಂದು ತಿಳಿಯುತ್ತದೆ.

ತಪ್ಪು ನನ್ನದೇ ಎಂದು ಈ ಸೋಮವಾರ ಗೊತ್ತಾಯಿತು. ನಾನು ಅಳೆದದ್ದು ಹರಳುಗಳ ಅಂಚನ್ನು. ದಾರಿಯಲ್ಲಿ ಲಾವಾದ ಬಿಸಿ ತಾಗಿ ಅಂಚು ಕೆಟ್ಟಿದೆ. ನಡುಭಾಗ ಅಳೆಯಬೇಕೆಂದರೆ ಇರುವ ಒಂದೇ ಕಲ್ಲನ್ನು ಸೀಳಬೇಕಿತ್ತು.

ಪ್ರಯೋಗಾಲಯದಲ್ಲಿ ಕಲ್ಲು ಕೊಯ್ಯುವ ಮಾಮ ಹಿಂದೇಟು ಹಾಕಿದರು. "ಪುಡಿಯಾದ್ರೆ ಮತ್ತೆ ಸಿಗಲ್ಲ ಕಣಮ್ಮ."

"ಗೊತ್ತು ಮಾಮ. ಕೊಯ್ದುಬಿಡಿ."

ಗರಗಸ ತಾಗಿದಾಗ ಒಂದು ಮೂಲೆ ಉದುರಿತು. ನಡು ಮಾತ್ರ ಗಟ್ಟಿಯಾಗಿ ನಿಂತಿತು.

ಇವತ್ತು ಮೂರು ಹರಳುಗಳ ನಡುಭಾಗ ಅಳೆದೆ. ಮೂರೂ ಅರವತ್ತು ಕಿಲೋಮೀಟರ್ ಆಸುಪಾಸು! ಇನ್ನೆರಡು ಉಳಿದಿವೆ, ಕಣ್ಣು ಎಳೆಯುತ್ತಿದೆ. ಅಧ್ಯಾಯವನ್ನಂತೂ ಬಿಡುವುದಿಲ್ಲ. ಬರುವ ಸೋಮವಾರ ಗೈಡ್ ಮುಂದೆ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆಮೇಲೆ ಕಲ್ಲಿನ ಮಾತನ್ನು ಅವರು ಒಪ್ಪಿಕೊಳ್ಳಲಿ.