ಲಮೀನ್ ಬರೆದಿಟ್ಟ ಯೋಜನೆ

ನವೆಂಬರ್ ೧೪, ಸ್ಫಾಕ್ಸ್

ಇವತ್ತು ನಮ್ಮ ಲಬ್ಲಾಬಿ ಗಾಡಿ, ಅಂದರೆ ಬಿಸಿ ಕಡಲೆ ಸಾರಿನ ಗಾಡಿ, ಶುರುವಾಯಿತು. ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ.

ನನ್ನ ಗಂಡ ಲಮೀನ್ ಸಾಯುವ ಮೊದಲು ಈ ವ್ಯಾಪಾರಕ್ಕೆಂದು ಒಂದು ದಪ್ಪ ಪುಸ್ತಕದ ತುಂಬ ಯೋಜನೆ ಬರೆದಿಟ್ಟಿದ್ದ. ಕಡಲೆ ಸಾರಿಗೆ ಜೀರಿಗೆ ಎಷ್ಟು, ಖಾರ ಎಷ್ಟು, ಗಾಡಿ ಯಾವ ಗೇಟಿನ ಎದುರು ನಿಲ್ಲಬೇಕು, ಎಲ್ಲ ಇದೆ. ಅದರಂತೆ ಬೆಳಕು ಹರಿಯುವಾಗ ನಾನೂ ಅವನ ಅಣ್ಣ ಮೊಂಜಿ ಭಾವನೂ ಬಟ್ಟೆ ಕಾರ್ಖಾನೆಯ ಮುಂದೆ ನಿಂತೆವು. ಒಬ್ಬರೂ ಬರಲಿಲ್ಲ.

ಕಾವಲುಗಾರ ನಕ್ಕ. "ಏನಮ್ಮಾ, ಕಾರ್ಖಾನೆ ಮುಚ್ಚಿ ವಾರ ಆಯ್ತು. ಬೀಗಕ್ಕೆ ಬಡಿಸ್ತೀಯಾ?"

"ಇನ್ನೂ ಸ್ವಲ್ಪ ನೋಡೋಣ ಸಲ್ಹಾ," ಅಂದರು ಭಾವ. "ಇಲ್ಲೇ ಅಂತ ಬರೆದಿದ್ದಾನಲ್ಲ."

"ಇದು ಮುಚ್ಚುತ್ತೆ ಅಂತ ಬರೆಯುವಾಗ ಅವರಿಗೆ ಗೊತ್ತಿತ್ತಾ ಭಾವ? ಸಾರು ಆರಿಹೋಗ್ತಿದೆ."

ನಾನೇ ಗಾಡಿ ತಳ್ಳಿಕೊಂಡು ಆಸ್ಪತ್ರೆಯ ಕಡೆ ಹೊರಟೆ. ಭಾವ ಬೈದುಕೊಂಡೇ ಹಿಂದೆ ಬಂದರು. "ಅವನು ಹೋಗಿ ಎರಡು ತಿಂಗಳಾಗಿಲ್ಲ, ಆಗಲೇ ಅವನ ಮಾತು ಮೀರ್ತೀಯಾ?"

"ಸಾರು ಅವರು ಹೇಳಿದ ಹಾಗೇ ಮಾಡಿದೀನಿ, ಒಂದು ಚಿಟಿಕೆ ಹೆಚ್ಚುಕಡಿಮೆ ಇಲ್ಲ. ಜನ ಎಲ್ಲಿರ್ತಾರೋ ಅಲ್ಲಿಗೆ ನಾವು ಹೋಗ್ಬೇಕಷ್ಟೆ."

ರಾತ್ರಿಪಾಳಿ ಮುಗಿಸಿದ ದಾದಿಯರು, ರೋಗಿಗಳ ಮನೆಯವರು ಸಾರಿಗೆ ಬ್ರೆಡ್ಡು ಮುರಿದು ಹಾಕಿಸಿಕೊಂಡು ತಿಂದರು. ಬಿಸಿಲೇರುವ ಮೊದಲೇ ಪಾತ್ರೆ ಖಾಲಿ. ಕೊನೆಯ ಬಟ್ಟಲು ಭಾವನಿಗೆ ಕೊಟ್ಟೆ. "ಅವನದೇ ಕೈರುಚಿ," ಎಂದು ತಲೆ ತಗ್ಗಿಸಿದರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ.

ಈಗ ಯೋಜನೆಯಲ್ಲಿ ಕಾರ್ಖಾನೆಯ ಹೆಸರು ಹೊಡೆದುಹಾಕಿ ಆಸ್ಪತ್ರೆ ಎಂದು ಬರೆದೆ, ಪೆನ್ಸಿಲಿನಲ್ಲಿ. ನಾಳೆ ಅದೂ ಬದಲಾಗಬಹುದು. ಅದರ ಕೆಳಗೆ ಅವನದೇ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಮೊದಲ ದಿನ ಪಾತ್ರೆ ಖಾಲಿಯಾದರೆ ಸಂಜೆ ನಾನೂ ಸಲ್ಹಾಳೂ ಇಬ್ಬರೇ ಕಡಲ ದಂಡೆಗೆ ಹೋಗುವುದು.

ಇದನ್ನು ಏನೆಂದು ತಿದ್ದಲಿ? ಪೆನ್ಸಿಲ್ ಹಿಡಿದು ಕೂತೇ ಇದ್ದೇನೆ.